ಹಸು, ತೋಟ ಇರುವವರು ನೆಮ್ಮದಿಯಾಗಿ ಪ್ರವಾಸ ಹೋಗಿಬರುವುದು ಹೇಗೆ?

ಹಸು ಕಟ್ಟಿಕೊಂಡಿರುವ ಯಾವ ರೈತರನ್ನಾದರೂ "ನೀವು ಮನೆಮಂದಿಯೆಲ್ಲ ಸೇರಿ ನಾಲ್ಕು ದಿನ ಎಲ್ಲಿಗಾದರೂ ಹೋಗಿ ಎಷ್ಟು ವರ್ಷ ಆಯ್ತು?" ಅಂತ ಕೇಳಿ ನೋಡಿ. ಮೊದಲು ನಗುತ್ತಾರೆ. ಆಮೇಲೆ "ಕೊಟ್ಟಿಗೆ ಯಾರು ನೋಡ್ತಾರೆ ಮಾರಾಯ್ರೆ?" ಅನ್ನುತ್ತಾರೆ. ಮದುವೆಗೆ ಗಂಡ ಹೋದರೆ ಹೆಂಡತಿ ಮನೆಯಲ್ಲಿ, ಹೆಂಡತಿ ತವರಿಗೆ ಹೋದರೆ ಗಂಡ ಮನೆಯಲ್ಲಿ. ನಮ್ಮ ಮನೆಯಲ್ಲೂ ಆರು ವರ್ಷ ಹೀಗೇ ನಡೆಯಿತು.

ಕಳೆದ ದಸರಾ ರಜೆಯಲ್ಲಿ ನಾನು, ನನ್ನ ಹೆಂಡತಿ, ಮಗಳು, ಅಮ್ಮ ನಾಲ್ಕೂ ಜನ ಐದು ದಿನ ಹಂಪಿ, ಬಾದಾಮಿ ಕಡೆಗೆ ಹೋಗಿಬಂದೆವು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮದು ಮೂರು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಕರೆಯುವ ಹಸು ಮೂರು, ಒಂದು ಕಡಸು, ಎರಡು ಕರು. ಇಷ್ಟನ್ನು ಬಿಟ್ಟು ಹೇಗೆ ಹೋದೆವು, ಏನೇನು ತಯಾರಿ ಮಾಡಿಕೊಂಡೆವು, ಎಲ್ಲಿ ಎಡವಿದೆವು ಅನ್ನುವುದನ್ನು ಈ ವಾರ ಬರೆಯುತ್ತಿದ್ದೇನೆ. ಪ್ರವಾಸದ ತಯಾರಿ ಅಂದರೆ ಬ್ಯಾಗ್ ತುಂಬುವುದು, ರೂಮ್ ಬುಕ್ ಮಾಡುವುದು ಅಂತ ಅಂದುಕೊಳ್ಳುತ್ತೇವೆ. ರೈತರಿಗೆ ಅದು ಕೊನೆಯ ಕೆಲಸ. ನಮ್ಮ ಪ್ರವಾಸದ ನೆಮ್ಮದಿ ನಿಂತಿರುವುದು ಹಿಂದೆ ಬಿಟ್ಟುಹೋದ ಕೊಟ್ಟಿಗೆಯ ಮೇಲೆ.

ಮೊದಲ ಸಲ ಮಾಡಿದ ತಪ್ಪು

ಆರು ವರ್ಷದ ಹಿಂದೆ ನೆಂಟರ ಮದುವೆಗೆ ಹೋದವರು ಹಾಗೇ ಗೋಕರ್ಣ, ಮುರುಡೇಶ್ವರ ನೋಡಿಕೊಂಡು ಮೂರು ದಿನ ಬಿಟ್ಟು ಬರೋಣ ಅಂತ ಹೊರಟಿದ್ದೆವು. ಪಕ್ಕದ ಮನೆಯ ಹುಡುಗನಿಗೆ ಕೊಟ್ಟಿಗೆ ವಹಿಸಿದ್ದೆ. ಹುಲ್ಲು ಇಷ್ಟು ಹಾಕು, ಹಿಂಡಿ ಇಷ್ಟು ಕೊಡು ಅಂತ ಗೇಟಿನ ಹತ್ತಿರ ನಿಂತು ಹತ್ತು ನಿಮಿಷ ಹೇಳಿದ್ದು, ಅಷ್ಟೇ.

ಎರಡನೇ ದಿನ ಊರಿನಲ್ಲಿ ಒಂದು ಗೃಹಪ್ರವೇಶದ ಊಟ ಇತ್ತು. ಉಳಿದ ಅನ್ನ, ಪಾಯಸ ಎರಡು ಬಕೆಟ್ ಆಯ್ತು. "ಪಾಪ, ಹಸು ತಿನ್ನಲಿ" ಅಂತ ಆ ಹುಡುಗ ಪ್ರೀತಿಯಿಂದಲೇ ತಂದು ನಮ್ಮ ಗೌರಿ ಮುಂದೆ ಇಟ್ಟ. ಅವಳು ಪೂರ್ತಿ ತಿಂದಳು. ಸಂಜೆಗೆ ಮೆಲುಕು ನಿಂತಿತು. ರಾತ್ರಿ ಅವನು ನನಗೆ ನಾಲ್ಕು ಸಲ ಫೋನ್ ಮಾಡಿದ್ದಾನೆ, ನಾನಿದ್ದ ಕಡೆ ನೆಟ್‌ವರ್ಕ್ ಇರಲಿಲ್ಲ. ನನ್ನನ್ನು ಕೇಳದೆ ಡಾಕ್ಟರನ್ನು ಕರೆಸಿದರೆ ದುಡ್ಡು ಯಾರು ಕೊಡೋದು, ಅಣ್ಣ ಬೈತಾನೇನೋ ಅಂತ ಹೆದರಿ ಬೆಳಗಿನ ತನಕ ಕಾದ. ಬೆಳಿಗ್ಗೆ ಡಾಕ್ಟರು ಬಂದು ಮಾಡುವುದನ್ನೆಲ್ಲ ಮಾಡಿದರು. ನಾವು ಅರ್ಧ ದಾರಿಯಲ್ಲಿ ಬರುತ್ತಿರುವಾಗಲೇ ಗೌರಿ ಹೋದಳು.

ಇದು ಗೊತ್ತಿಲ್ಲದವರಿಗೆ ಒಂದು ಮಾತು. ಹಸುವಿನ ಮೊದಲ ಹೊಟ್ಟೆ ಇರುವುದು ಹುಲ್ಲು ಕೊಳೆಸಿ ಅರಗಿಸುವುದಕ್ಕೆ. ಅಲ್ಲಿಗೆ ಒಮ್ಮೆಲೇ ರಾಶಿ ಅನ್ನ, ಹಿಟ್ಟು, ಸಿಹಿ ಬಿದ್ದರೆ ಬೇಗ ಬೇಗ ಹುಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಹೆಚ್ಚಾಗಿ, ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು, ಹಸು ಒಂದೆರಡು ದಿನದಲ್ಲೇ ಸಾಯಬಹುದು. ಮೆಲುಕು ನಿಲ್ಲುವುದು, ಮಂಕಾಗಿ ನಿಲ್ಲುವುದು, ಹುಳಿ ವಾಸನೆಯ ತೆಳ್ಳಗಿನ ಸಗಣಿ ಇದರ ಲಕ್ಷಣ. ಬೇಗ ಚಿಕಿತ್ಸೆ ಸಿಕ್ಕರೆ ಉಳಿಸಿಕೊಳ್ಳಬಹುದು. ರಾತ್ರಿಯಿಡೀ ಕಾದರೆ ಕಷ್ಟ.

ಗೌರಿಯನ್ನು ನನ್ನ ಹೆಂಡತಿ ಕರುವಿನಿಂದ ಸಾಕಿದ್ದಳು. ಆಮೇಲೆ ಆರು ವರ್ಷ ಅವಳು ಎಲ್ಲಿಗಾದರೂ ಹೋಗೋಣ ಅನ್ನುವ ಮಾತೇ ಎತ್ತಲಿಲ್ಲ. ಹುಡುಗನನ್ನು ಬೈದವರು ಬಹಳ ಜನ. ನಾನೂ ಒಂದು ವರ್ಷ ಹಾಗೇ ಅಂದುಕೊಂಡಿದ್ದೆ. ನಿಧಾನವಾಗಿ ಯೋಚಿಸಿದಾಗ ಗೊತ್ತಾಯ್ತು, ತಪ್ಪು ನನ್ನದು. ಏನು ಮಾಡಬೇಕು ಅಂತ ಹೇಳಿದ್ದೆ, ಏನು ಮಾಡಬಾರದು ಅಂತ ಹೇಳಿರಲಿಲ್ಲ. ಕೆಲಸ ಕೊಟ್ಟಿದ್ದೆ, ತೀರ್ಮಾನ ಮಾಡುವ ಅಧಿಕಾರ ಕೊಟ್ಟಿರಲಿಲ್ಲ. ಈ ಸಲದ ತಯಾರಿಯೆಲ್ಲ ಈ ಎರಡು ತಪ್ಪನ್ನು ಸರಿ ಮಾಡುವುದಕ್ಕೇ.

1. ಯಾವಾಗ ಹೋಗುವುದು? ಪಂಚಾಂಗ ನೋಡುವ ಮೊದಲು ಕೊಟ್ಟಿಗೆ ನೋಡಿ

ಮಲೆನಾಡಿನ ಅಡಿಕೆ ಬೆಳೆಗಾರರ ವರ್ಷ ಹೀಗಿರುತ್ತದೆ. ಮಳೆ ಹಿಡಿಯುವ ಮುಂಚೆ, ಮೇ ಕೊನೆ ಅಥವಾ ಜೂನ್ ಮೊದಲಲ್ಲಿ ಕೊಳೆ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯಬೇಕು. 40-45 ದಿನ ಬಿಟ್ಟು ಎರಡನೇ ಸಲ. ಮಳೆ ಬಿಡದೇ ಇದ್ದರೆ ಮೂರನೇ ಸಲವೂ ಬೇಕು. ನಡುವೆ ಗದ್ದೆ ನಾಟಿ. ನವೆಂಬರಿನಿಂದ ಜನವರಿ ತನಕ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಫೆಬ್ರುವರಿಯಿಂದ ಮಳೆ ಬರುವ ತನಕ ತೋಟಕ್ಕೆ ನೀರು.

ಇದರ ನಡುವೆ ಬಿಡುವು ಸಿಗುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದ ತನಕ. ಔಷಧಿ ಹೊಡೆಯುವುದು ಮುಗಿದಿರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ, ನೀರು ಬಿಡುವ ಗೋಜಿಲ್ಲ, ಹಸಿ ಹುಲ್ಲು ಬೇಕಾದಷ್ಟು ಇರುತ್ತದೆ. ಸಾಮಾನ್ಯವಾಗಿ ಮಕ್ಕಳ ದಸರಾ ರಜೆಯೂ ಇದೇ ಸಮಯಕ್ಕೆ ಬರುತ್ತದೆ. ಬೇಸಿಗೆ ರಜೆಯಲ್ಲಿ ಹೋಗಬೇಕೆಂದರೆ ನೀರಿನ ಚಿಂತೆ ಇದ್ದೇ ಇರುತ್ತದೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16-20 ಲೀಟರ್ ಬೇಕು. ಕರೆಂಟು ಬಂದಾಗ ಪಂಪ್ ಹಾಕುವವರು, ವಾಲ್ವ್ ತಿರುಗಿಸುವವರು ಇನ್ನೊಬ್ಬರು ಬೇಕಾಗುತ್ತದೆ.

ನಿಮ್ಮ ಸೀಮೆಯ ಲೆಕ್ಕ ಬೇರೆ ಇರಬಹುದು. ರಾಗಿ, ತೆಂಗು ಬೆಳೆಯುವವರಿಗೆ ರಾಗಿ ಒಕ್ಕಣೆ ಮುಗಿದ ಮೇಲೆ ಸ್ವಲ್ಪ ಬಿಡುವು. ಹಿಂಗಾರಿ ಜೋಳದವರಿಗೆ ಎಡೆ ಹೊಡೆದು ಮುಗಿದ ಮೇಲೆ, ಕೊಯ್ಲಿನ ಮುಂಚೆ. ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು, ಯಾವ ವಾರ ನೀವು ಇಲ್ಲದಿದ್ದರೆ ನಷ್ಟ ಕಡಿಮೆ ಅಂತ ಗುರುತು ಹಾಕಿ. ಒಂದಾದರೂ ಸಿಕ್ಕೇ ಸಿಗುತ್ತದೆ.

ಆಮೇಲೆ ಹಸುವಿನ ದಿನಗಳು. ಇಂಜೆಕ್ಷನ್ ಕೊಡಿಸಿದ ದಿನದಿಂದ ಹೆಚ್ಚುಕಡಿಮೆ 280 ದಿನಕ್ಕೆ ಕರು ಹಾಕುತ್ತದೆ. ಕರು ಹಾಕುವುದಕ್ಕೆ ಒಂದು ತಿಂಗಳು ಇರುವಾಗ, ಕರು ಹಾಕಿ ಮೂರು ವಾರ ಆಗುವ ತನಕ ಮನೆ ಬಿಡುವುದು ಬೇಡ. ಹಾಲು ಜ್ವರ ಬರುವುದು ಹೆಚ್ಚಾಗಿ ಕರು ಹಾಕಿದ ಮೊದಲ ಮೂರು ದಿನದಲ್ಲಿ, ಆಗ ಗೊತ್ತಿರುವವರು ಹತ್ತಿರ ಇರಬೇಕು. ಬೆದೆ 21 ದಿನಕ್ಕೊಮ್ಮೆ ಬರುತ್ತದೆ. ಹಿಂದಿನ ದಿನಾಂಕ ಬರೆದಿಟ್ಟಿದ್ದರೆ ಪ್ರವಾಸದ ನಡುವೆ ಬೀಳುತ್ತದೋ ಇಲ್ಲವೋ ಲೆಕ್ಕ ಹಾಕಬಹುದು. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ವಾರವೂ ಹೋಗಬೇಡಿ. ಕೆಲವು ಹಸುಗಳಿಗೆ ಒಂದೆರಡು ದಿನ ಮೈ ಬಿಸಿಯಾಗಿ ಹಾಲು ಇಳಿಯುತ್ತದೆ, ಹೊಸಬರು ಗಾಬರಿಯಾಗುತ್ತಾರೆ.

2. ಯಾರಿಗೆ ಬಿಟ್ಟುಹೋಗುವುದು?

ನಾನು ಹೋಗಿ ಕೇಳಿದ್ದು ಅದೇ ಹುಡುಗನನ್ನು. ಈಗ ಅವನಿಗೆ ಇಪ್ಪತ್ತನಾಲ್ಕು, ಅವನ ಮನೆಯಲ್ಲೂ ಎರಡು ಹಸು ಇವೆ. "ಬೇಡ ಅಣ್ಣ, ಇನ್ನೊಂದ್ಸಲ ಆ ಪಾಪ ನಂಗೆ ಬೇಡ" ಅಂದ. ಅವನ ತಪ್ಪಲ್ಲ, ನಾನು ಸರಿಯಾಗಿ ಹೇಳಿಕೊಡದೆ ಹೋಗಿದ್ದು ತಪ್ಪು ಅಂತ ಅವನ ಅಮ್ಮನ ಎದುರಿಗೇ ಹೇಳಿದೆ. ಆರು ವರ್ಷದ ಮುಂಚೆಯೇ ಹೇಳಬೇಕಿದ್ದ ಮಾತು. ಎರಡು ದಿನ ಬಿಟ್ಟು ಒಪ್ಪಿಕೊಂಡ.

ಜನ ಆರಿಸುವಾಗ ಮೂರು ವಿಷಯ ನೋಡಿ.

ಒಂದು, ಕೆಲಸ ಮಾಡುವವರು ಒಬ್ಬರು, ನೋಡಿ ಹೋಗುವವರು ಇನ್ನೊಬ್ಬರು ಇರಲಿ. ಹುಡುಗ ಹಾಲು ಕರೆದು, ಮೇವು ಹಾಕುವುದು. ಕೆಳಗಿನ ಮನೆ ಚಿಕ್ಕಮ್ಮ ದಿನಕ್ಕೊಮ್ಮೆ ಮಧ್ಯಾಹ್ನ ಬಂದು ಕೊಟ್ಟಿಗೆ, ಮನೆ ಬಾಗಿಲು, ಬಾವಿಕಟ್ಟೆ ಒಂದು ಸುತ್ತು ನೋಡಿ ಹೋಗುವುದು. ಒಬ್ಬರಿಗೆ ಜ್ವರ ಬಂದರೂ ಇನ್ನೊಬ್ಬರಿಗೆ ವಿಷಯ ಗೊತ್ತಿರುತ್ತದೆ.

ಎರಡು, ಸಂಬಳ ಮೊದಲೇ ಮಾತಾಡಿ. "ನಮ್ಮವನೇ, ಏನೋ ಕೊಟ್ಟರಾಯ್ತು" ಅನ್ನುವುದು ಬೇಡ. ಕೆಲಸ ಕಲಿಯಲು ಬಂದ 7 ದಿನಕ್ಕೆ ದಿನಕ್ಕೆ 200 ರೂಪಾಯಿ, ನಾವು ಇಲ್ಲದ 5 ದಿನಕ್ಕೆ ದಿನಕ್ಕೆ 700 ರೂಪಾಯಿ, ಒಟ್ಟು 4,900 ರೂಪಾಯಿ ಕೊಟ್ಟೆ. ಚಿಕ್ಕಮ್ಮ ದುಡ್ಡು ಮುಟ್ಟಲಿಲ್ಲ, ಅವರಿಗೆ ಇಳಕಲ್ ಸೀರೆ ತಂದೆವು. ಈ ಖರ್ಚನ್ನು ಬಸ್ ಚಾರ್ಜು, ರೂಮ್ ಬಾಡಿಗೆಯ ಜೊತೆ ಪ್ರವಾಸದ ಲೆಕ್ಕಕ್ಕೇ ಹಾಕಿ. ಇದು ಕೈಗೂಡದಿದ್ದರೆ ಒಂದು ದಿನ ಕಡಿಮೆ ಹೋಗಿ, ಆದರೆ ಇದನ್ನು ಉಳಿಸಲು ನೋಡಬೇಡಿ.

ಮೂರು, ಹಾಲು ಕರೆಯುವ ಕೈ ಹಸುವಿಗೆ ಪರಿಚಯ ಆಗಬೇಕು. ಕೆಚ್ಚಲು ತೊಳೆದು ಸವರಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಹೊಸ ಮನುಷ್ಯನನ್ನು ಕಂಡು ಬೆದರಿದರೆ ಅದಕ್ಕೆ ತಡೆ ಬೀಳುತ್ತದೆ, ಹಸು ಹಾಲು ಕಟ್ಟಿಕೊಳ್ಳುತ್ತದೆ. ಪೂರ್ತಿ ಕರೆಯದೆ ಉಳಿದ ಹಾಲಿನಿಂದ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಅದಕ್ಕೇ ಒಂದು ವಾರ ಮುಂಚೆಯಿಂದ ಅವನು ಎರಡೂ ಹೊತ್ತು ಬಂದ. ಮೊದಲ ಮೂರು ದಿನ ನನ್ನ ಹೆಂಡತಿ ಪಕ್ಕದಲ್ಲೇ ನಿಂತಳು, ಆಮೇಲೆ ಬಾಗಿಲ ಹೊರಗೆ, ಕೊನೆಯ ಎರಡು ದಿನ ಕೊಟ್ಟಿಗೆ ಕಡೆಗೇ ಹೋಗಲಿಲ್ಲ. ಮೊದಲ ದಿನ ಹಾಲು ಮೂರು ಲೀಟರ್ ಕಡಿಮೆಯಾಯ್ತು. ವಾರ ಮುಗಿಯುವಾಗ ಮಾಮೂಲಿಗೆ ಬಂತು.

3. ಹಿಂಡಿ ಪೊಟ್ಟಣ ಮತ್ತು ಗೋಡೆಯ ಹಾಳೆ

"ಎರಡು ಕೆಜಿ ಹಿಂಡಿ ಹಾಕು" ಅಂದರೆ ಒಬ್ಬರ ಕೈಯಲ್ಲಿ ಒಂದೂವರೆ ಆಗುತ್ತದೆ, ಇನ್ನೊಬ್ಬರ ಕೈಯಲ್ಲಿ ಮೂರು. ಹಾಲಿನ ಹಸುವಿಗೆ ಮೈ ನಿರ್ವಹಣೆಗೆ ದಿನಕ್ಕೆ ಒಂದೂವರೆಯಿಂದ ಎರಡು ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಅನ್ನುವುದು ಸಾಮಾನ್ಯ ಲೆಕ್ಕ. ಈ ಲೆಕ್ಕ ನಮಗೆ ಗೊತ್ತು, ಬಂದವರಿಗೆ ಬೇಕಿಲ್ಲ. ನಾನು ಮಾಡಿದ್ದು ಇಷ್ಟೇ: ಮೂರು ಹಸು, ಎರಡು ಹೊತ್ತು, ಐದು ದಿನ, ಒಟ್ಟು 30 ಪೊಟ್ಟಣ. ಒಂದೊಂದರಲ್ಲೂ ಆ ಹಸುವಿಗೆ ಆ ಹೊತ್ತಿಗೆ ಬೇಕಾದ ಹಿಂಡಿ ತೂಗಿ, ದಿನಕ್ಕೆ 50 ಗ್ರಾಂ ಲೆಕ್ಕದಲ್ಲಿ ಖನಿಜ ಮಿಶ್ರಣ ಬೆರೆಸಿ, ಹಸುವಿನ ಹೆಸರು ಬರೆದು ಕಟ್ಟಿಟ್ಟೆ. ಬರುವುದು ತಡವಾದರೆ ಅಂತ ಇನ್ನಾರು ಪೊಟ್ಟಣ ಹೆಚ್ಚಿಗೆ. ಉಳಿದ ಹಿಂಡಿ ಚೀಲವನ್ನು ಕೋಣೆಯೊಳಗೆ ಇಟ್ಟು ಬೀಗ ಹಾಕಿದೆ. ಹಸು ಹಗ್ಗ ಬಿಚ್ಚಿಕೊಂಡು ಚೀಲಕ್ಕೆ ಬಾಯಿ ಹಾಕಿದರೂ ಗೌರಿಗೆ ಆದದ್ದೇ ಆಗುತ್ತದೆ.

ಕೊಟ್ಟಿಗೆಯ ಗೋಡೆಗೆ ಒಂದೇ ಒಂದು ಹಾಳೆ, ದಪ್ಪ ಅಕ್ಷರದಲ್ಲಿ. ಎರಡು ಹಾಳೆ ಆದರೆ ಯಾರೂ ಓದುವುದಿಲ್ಲ. ಅದರಲ್ಲಿ ನಾಲ್ಕು ಭಾಗ.

ಮಾಡುವುದು: ಹಾಲು ಕರೆಯುವ ಹೊತ್ತು, ಪೊಟ್ಟಣ, ಹುಲ್ಲು ಎಷ್ಟು ಹೊರೆ, ನೀರಿನ ತೊಟ್ಟಿ ಯಾವಾಗಲೂ ತುಂಬಿರಬೇಕು.

ಮಾಡಬಾರದು: ಅನ್ನ, ಪಾಯಸ, ಊಟದ ಮನೆಯ ಯಾವುದೂ ಬೇಡ. ಹಲಸು, ಗೆಣಸು ರಾಶಿ ಹಾಕುವುದು ಬೇಡ. ಹೊಸ ಮೇವು, ಹೊಸ ಹಿಂಡಿ ಬೇಡ. ತೋಟಕ್ಕೆ ಬಿಟ್ಟು ಮೇಯಿಸುವುದು ಬೇಡ. ಈ ಭಾಗವನ್ನು ಕೆಂಪು ಶಾಯಿಯಲ್ಲಿ ಬರೆದೆ.

ಗಾಬರಿ ಪಡಬೇಕಾದದ್ದು: ಒಂದು ಹೊತ್ತು ಮೇವು ಬಿಟ್ಟರೆ, ಮೆಲುಕು ಹಾಕದಿದ್ದರೆ, ಎಡಭಾಗದ ಹೊಟ್ಟೆ ಉಬ್ಬಿದರೆ, ಹಾಲಿನಲ್ಲಿ ಗಡ್ಡೆ ಅಥವಾ ರಕ್ತ ಕಂಡರೆ, ಏಳದೆ ಮಲಗಿದರೆ. ಥರ್ಮಾಮೀಟರ್ ಗೂಡಿನಲ್ಲಿ ಇದೆ. ಗುದದ್ವಾರದಲ್ಲಿ ಇಟ್ಟು ನೋಡಿದಾಗ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸರಿ, ಅದಕ್ಕಿಂತ ಹೆಚ್ಚಿದ್ದರೆ ಜ್ವರ.

ನಂಬರ್‌ಗಳು: ನಮ್ಮ ಪಶುವೈದ್ಯರದ್ದು, ಅವರು ಸಿಗದಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962, ಕರೆಂಟಿನ ಲೈನ್‌ಮನ್, ನನ್ನದು, ನನ್ನ ಹೆಂಡತಿಯದು.

4. ಲಕೋಟೆ: ಎಲ್ಲಕ್ಕಿಂತ ಮುಖ್ಯವಾದದ್ದು

ಹಾಳೆಯ ಕೆಳಗೆ ಒಂದು ಲಕೋಟೆ, ಅದರಲ್ಲಿ 3,000 ರೂಪಾಯಿ. ಮೇಲೆ ಬರೆದದ್ದು: "ಹಸುವಿಗೆ ಏನಾದರೂ ಅನ್ನಿಸಿದರೆ ಮೊದಲು ಡಾಕ್ಟರಿಗೆ ಫೋನ್, ಆಮೇಲೆ ನನಗೆ. ಸುಮ್ಮನೆ ಕರೆಸಿದ್ದು ಅಂತಾದರೂ ಬೈಯುವುದಿಲ್ಲ. ಲೆಕ್ಕ ಬೇಡ."

ನಾವು ರೈತರು ಕೆಲಸ ಬೇರೆಯವರಿಗೆ ಕೊಡುತ್ತೇವೆ, ನಿರ್ಧಾರ ಮಾತ್ರ ನಮ್ಮ ಕಿಸೆಯಲ್ಲೇ ಇಟ್ಟುಕೊಂಡು ಹೋಗುತ್ತೇವೆ. ಎಲ್ಲದಕ್ಕೂ ನನ್ನನ್ನು ಕೇಳು ಅಂದರೆ, ಕೇಳಲು ನಾವು ಸಿಗದ ಹೊತ್ತಿನಲ್ಲಿ ಅವರು ಕೈಕಟ್ಟಿ ಕೂರಬೇಕಾಗುತ್ತದೆ. ಆ ಒಂದು ರಾತ್ರಿ ಗೌರಿಗೆ ಆದದ್ದು ಅದೇ. 3,000 ರೂಪಾಯಿ ದುಂದಾದರೂ ಪರವಾಗಿಲ್ಲ, ಒಂದು ಹಾಲಿನ ಹಸುವಿನ ಬೆಲೆ ನಿಮಗೆ ಗೊತ್ತೇ ಇದೆ.

5. ಒಂದು ರಾತ್ರಿಯ ಪರೀಕ್ಷೆ

ಹೊರಡುವ ಹತ್ತು ದಿನ ಮುಂಚೆ ನಾವೆಲ್ಲ ಒಂದು ರಾತ್ರಿ ಶಿವಮೊಗ್ಗದ ನೆಂಟರ ಮನೆಗೆ ಹೋಗಿ ಉಳಿದೆವು. ಫೋನ್ ಮಾಡಲಿಲ್ಲ. ಮರುದಿನ ಬಂದು ನೋಡಿದರೆ ಮೂರು ಎಡವಟ್ಟು ಸಿಕ್ಕವು. ನೀರಿನ ಮೋಟಾರು ಸ್ವಿಚ್ ಎಲ್ಲಿದೆ ಅಂತ ಅವನಿಗೆ ಗೊತ್ತಿರಲಿಲ್ಲ, ಬಾವಿಯಿಂದ ಸೇದಿ ಹಾಕಿದ್ದ. ಡೇರಿಯ ಪಾಸ್‌ಬುಕ್ ಒಳಗೆ ಬೀಗ ಹಾಕಿದ ಮನೆಯಲ್ಲಿತ್ತು. ನಮ್ಮ ನಾಯಿ ಅವನನ್ನು ಕತ್ತಲಲ್ಲಿ ಕೊಟ್ಟಿಗೆಗೆ ಬಿಡಲಿಲ್ಲ. ಮನೆಯಲ್ಲಿ ಕೂತು ಎಷ್ಟು ಯೋಚಿಸಿದ್ದರೂ ಈ ಮೂರೂ ನನಗೆ ಹೊಳೆಯುತ್ತಿರಲಿಲ್ಲ. ಆ ವಾರ ಅವನು ಕೆಲಸ ಕಲಿಯಲು ಬಂದಾಗ ನಾಯಿಗೂ ಅವನೇ ಊಟ ಹಾಕಿದ. ನಾಲ್ಕನೇ ದಿನಕ್ಕೆ ಬಾಲ ಆಡಿಸತೊಡಗಿತು.

6. ತೋಟ, ಗದ್ದೆ, ಮನೆ

ಅಕ್ಟೋಬರಿನಲ್ಲಿ ಗದ್ದೆ ಹೊಡೆ ಬಂದಿರುತ್ತದೆ, ಹಂದಿ ಕಾಟ ಜೋರು. ಐಬೆಕ್ಸ್ ಬೇಲಿಯ ತಂತಿಗೆ ತಾಗುವ ಹುಲ್ಲು, ಬಳ್ಳಿ ಸವರಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡಿದೆ. ಬಲಿತ ಬಾಳೆಗೊನೆ ಕಡಿದು ಒಳಗಿಟ್ಟೆ, ಇಲ್ಲದಿದ್ದರೆ ಮಂಗಗಳಿಗೆ ಹಬ್ಬ. ಮನೆಯ ಮೆಯಿನ್ ಸ್ವಿಚ್ ತೆಗೆಯುವಾಗ ಯೋಚಿಸಿ. ಕೊಟ್ಟಿಗೆಯ ದೀಪ, ನೀರಿನ ಮೋಟಾರು ಅದರಲ್ಲೇ ಇದ್ದರೆ ಬಂದವರು ಕತ್ತಲಲ್ಲಿ ಹಾಲು ಕರೆಯಬೇಕಾಗುತ್ತದೆ.

ಮನೆಯಲ್ಲಿ ಹಳೆಯ ಅಡಿಕೆ ಮೂಟೆ ಇದ್ದರೆ ಮೊದಲೇ ಮಂಡಿಗೋ ಸೊಸೈಟಿಗೋ ಹಾಕಿಬಿಡಿ. ಮತ್ತೆ, ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋಟೋ ತೆಗೆದು ಸ್ಟೇಟಸ್ ಹಾಕುವುದು ಬೇಡ. ಬಂದ ಮೇಲೆ ಎಷ್ಟು ಬೇಕಾದರೂ ಹಾಕಿ.

7. ಪ್ರವಾಸವನ್ನು ಸಡಿಲವಾಗಿ ಹೆಣೆಯಿರಿ

ಅಪರೂಪಕ್ಕೆ ಹೊರಟಿದ್ದೇವೆ ಅಂತ ಐದು ದಿನಕ್ಕೆ ಹದಿನೈದು ಊರು ತುರುಕುವುದು ನಮ್ಮ ಅಭ್ಯಾಸ. ನಾವು ಎರಡೇ ಕಡೆ ತಂಗಿದೆವು: ಎರಡು ರಾತ್ರಿ ಹೊಸಪೇಟೆ, ಎರಡು ರಾತ್ರಿ ಬಾದಾಮಿ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಊಟ ಮಾಡಿ ನಿದ್ದೆ, ಸಂಜೆ ಒಂದು ಜಾಗ. ಅಷ್ಟೇ. ಅಮ್ಮನಿಗೆ ಮೊಣಕಾಲು ನೋವು. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದ ತನಕ ಬ್ಯಾಟರಿ ಗಾಡಿ ಸಿಗುವುದರಿಂದ ತೊಂದರೆ ಆಗಲಿಲ್ಲ. ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಹತ್ತಬೇಕು. ನಾವು ಹತ್ತಿ ಬರುವ ತನಕ ಅವರು ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂತು, ಬಟ್ಟೆ ಒಗೆಯಲು ಬಂದ ಹೆಂಗಸರ ಜೊತೆ ಮಾತಾಡಿಕೊಂಡಿದ್ದರು. ಪಟ್ಟದಕಲ್ಲಿಗಿಂತ ಅದೇ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತಾರೆ. ಅವರ ಬಿಪಿ ಮಾತ್ರೆ ಐದು ದಿನಕ್ಕೆ ಬೇಕಾದದ್ದಕ್ಕಿಂತ ಮೂರು ದಿನದ್ದು ಹೆಚ್ಚಿಗೆ ಇಟ್ಟುಕೊಂಡಿದ್ದೆವು.

ಹೊರಡುವ ಹಿಂದಿನ ದಿನ ಯಾವ ದೊಡ್ಡ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಬಂದ ಮರುದಿನವೂ ಖಾಲಿ ಇರಲಿ. ರಾತ್ರಿಯೆಲ್ಲ ಕೆಲಸ ಮುಗಿಸಿ ಬೆಳಗಿನ ಜಾವ ಗಾಡಿ ಹತ್ತಿದರೆ ಮೊದಲ ದಿನ ನಿದ್ದೆಯಲ್ಲೇ ಹೋಗುತ್ತದೆ.

ರೈತರಿಗೆ ನೋಡಲು ಗುಡಿ ಗೋಪುರ ಮಾತ್ರ ಅಲ್ಲ. ಹಂಪಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ, ಅದರಲ್ಲೇ ಬಾಳೆ, ಭತ್ತ ಬೆಳೆಯುತ್ತಾರೆ. ನಾನು ಅಲ್ಲಿಯ ಒಬ್ಬರು ಬಾಳೆ ಬೆಳೆಗಾರರ ಜೊತೆ ಅರ್ಧ ಗಂಟೆ ನಿಂತು ಮಾತಾಡಿದೆ. ಬೇರೆಯವರ ಹೊಲ, ಕೊಟ್ಟಿಗೆ ಹೊಕ್ಕು ಬಂದರೆ ಮಾತ್ರ ಮನೆಗೆ ಬಂದ ಕೂಡಲೇ ಚಪ್ಪಲಿ, ಕಾಲು ತೊಳೆದು ಬಟ್ಟೆ ಬದಲಿಸಿ ಆಮೇಲೆ ಕೊಟ್ಟಿಗೆಗೆ ಹೋಗಿ. ಕಾಲುಬಾಯಿ ಜ್ವರದ ವೈರಸ್ ಚಪ್ಪಲಿಯಲ್ಲೂ ಬರುತ್ತದೆ.

8. ಫೋನಿಗೆ ಒಂದು ಹೊತ್ತು

ದಿನಕ್ಕೆ ಒಂದೇ ಫೋನ್, ರಾತ್ರಿ ಏಳೂವರೆಗೆ. ಮೂರೇ ಪ್ರಶ್ನೆ: ಎಲ್ಲ ಹಸು ಮೇವು ತಿಂದವಾ? ಸಗಣಿ ಸರಿ ಇದೆಯಾ? ಹಾಲು ಎಷ್ಟಾಯ್ತು? ಗಂಟೆಗೊಮ್ಮೆ ಫೋನ್ ಮಾಡಿದರೆ ನಮಗೂ ನೆಮ್ಮದಿ ಇಲ್ಲ, ನಂಬಿಕೆ ಇಲ್ಲ ಅಂತ ಅವರಿಗೂ ಬೇಸರ. ತುರ್ತು ಇದ್ದರೆ ಮಾತ್ರ ಒಂದರ ಹಿಂದೆ ಒಂದು ಎರಡು ಸಲ ಕರೆ ಮಾಡು, ನಾನು ಎಲ್ಲಿದ್ದರೂ ಎತ್ತುತ್ತೇನೆ ಅಂತ ಹೇಳಿದ್ದೆ. ಮಧ್ಯಾಹ್ನದ ಹೊತ್ತು ನೆಟ್‌ವರ್ಕ್ ಇಲ್ಲದ ಕಡೆ ಹೋಗುವುದಿದ್ದರೆ ಮೊದಲೇ ತಿಳಿಸುತ್ತಿದ್ದೆ.

ಮೂರನೇ ದಿನ, ನಾವು ಬಾದಾಮಿ ಮುಟ್ಟಿದ ಸಂಜೆ, ಏಳೂವರೆಗೆ ಫೋನ್ ಮಾಡಿದಾಗ ಅವನು ಶುರು ಮಾಡಿದ್ದೇ ಹೀಗೆ: "ಅಣ್ಣ, ಹೆದರಬೇಡ. ಲಕ್ಷ್ಮಿ ಬೆಳಿಗ್ಗೆ ಹಿಂಡಿ ಮುಟ್ಟಲಿಲ್ಲ. ಥರ್ಮಾಮೀಟರ್ ಇಟ್ಟೆ, 104 ಬಂತು. ಡಾಕ್ಟ್ರಿಗೆ ಫೋನ್ ಮಾಡ್ದೆ, ಹತ್ತು ಗಂಟೆಗೆ ಬಂದ್ರು. ಮೂರು ದಿನದ ಜ್ವರ ಅಂದ್ರು. ಇಂಜೆಕ್ಷನ್ ಆಗಿದೆ. ಲಕೋಟೆಯಿಂದ ಎಂಟುನೂರು ತಗೊಂಡೆ. ಅವಳ ಹಾಲು ಡೇರಿಗೆ ಹಾಕ್ಬೇಡ ಅಂದಿದಾರೆ, ಹಾಕಿಲ್ಲ."

ಮೂರು ದಿನದ ಜ್ವರ ಮಳೆಗಾಲ, ಮಳೆ ಕಳೆಯುವ ಹೊತ್ತಿನಲ್ಲಿ ನೊಣ, ಸೊಳ್ಳೆಯಂಥ ಕಚ್ಚುವ ಹುಳಗಳಿಂದ ಹರಡುತ್ತದೆ. ಜ್ವರ, ಮೈಕೈ ಬಿಗಿತ, ಕುಂಟುವುದು, ಜೊಲ್ಲು ಇದರ ಲಕ್ಷಣ. ಹೆಚ್ಚಿನ ಹಸುಗಳು ಹೆಸರಿಗೆ ತಕ್ಕಂತೆ ಮೂರು ದಿನದಲ್ಲಿ ಸುಧಾರಿಸುತ್ತವೆ. ಆದರೆ ಮಲಗಿದರೆ ಹುಲ್ಲಿನ ಹಾಸು ಹಾಕಿ ಮಗ್ಗುಲು ಬದಲಿಸಬೇಕು, ಬಾಯಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬಾರದು. ನುಂಗಲು ತ್ರಾಣ ಇಲ್ಲದಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಫೋನ್ ಇಟ್ಟು ಹೆಂಡತಿಗೆ ಹೇಳಿದೆ. ಅವಳು ಏನೂ ಮಾತಾಡದೆ ಮಂಚದ ಮೇಲೆ ಕೂತಳು. ವಾಪಸ್ ಹೊರಡುವುದಾ ಅಂತ ಇಬ್ಬರ ಮನಸ್ಸಿನಲ್ಲೂ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದಳು, "ನಾವು ಮನೇಲಿದ್ದಿದ್ರೆ ಇದಕ್ಕಿಂತ ಹೆಚ್ಚು ಎಂತ ಮಾಡ್ತಿದ್ವಿ?" ಏನೂ ಇಲ್ಲ. ಅಷ್ಟೇ ಮಾಡುತ್ತಿದ್ದೆವು. ಬಹುಶಃ ಮಧ್ಯಾಹ್ನದ ತನಕ ನೋಡೋಣ ಅಂತ ನಾನು ತಡ ಮಾಡುತ್ತಿದ್ದೆ. ಮರುದಿನ ರಾತ್ರಿ ಫೋನ್ ಮಾಡಿದಾಗ ಲಕ್ಷ್ಮಿ ಹುಲ್ಲು ತಿನ್ನುತ್ತಿದ್ದಳು. ನಾವು ಹೊರಟಿದ್ದಕ್ಕಿಂತ ಒಂದು ದಿನವೂ ಬೇಗ ಬರಲಿಲ್ಲ.

ಒಂದು ನೋಟಕ್ಕೆ ತಯಾರಿ ಪಟ್ಟಿ

ಎರಡು ತಿಂಗಳು ಮುಂಚೆ: ಬೆಳೆಯ ಬಿಡುವು, ಹಸುಗಳ ಕರು ಹಾಕುವ ದಿನ, ಬೆದೆ, ಲಸಿಕೆಯ ದಿನ ನೋಡಿ ದಿನಾಂಕ ಗೊತ್ತು ಮಾಡಿ. ಮನೆ ನೋಡುವ ಇಬ್ಬರನ್ನು ಒಪ್ಪಿಸಿ, ಸಂಬಳ ಮಾತಾಡಿ.

ಒಂದು ತಿಂಗಳು ಮುಂಚೆ: ರೂಮ್, ಗಾಡಿ ವ್ಯವಸ್ಥೆ. ಜಂತುಹುಳದ ಔಷಧಿ, ಲಸಿಕೆ ಬಾಕಿ ಇದ್ದರೆ ಪಶುವೈದ್ಯರನ್ನು ಕೇಳಿ ಮುಗಿಸಿ. ನೀವು ಊರಲ್ಲಿ ಇರುವುದಿಲ್ಲ ಅಂತಲೂ ಅವರಿಗೆ ಹೇಳಿಡಿ.

ಹತ್ತು ದಿನ ಮುಂಚೆ: ಒಂದು ರಾತ್ರಿಯ ಪರೀಕ್ಷೆ. ಸಿಕ್ಕ ಎಡವಟ್ಟುಗಳನ್ನು ಸರಿ ಮಾಡಿ.

ಒಂದು ವಾರ ಮುಂಚೆ: ಹಾಲು ಕರೆಯಲು ಅವರ ಕೈಗೆ ಬಿಡಿ. ಗೋಡೆಯ ಹಾಳೆ ಬರೆದು, ಅವರಿಂದಲೇ ಗಟ್ಟಿಯಾಗಿ ಓದಿಸಿ.

ಎರಡು ದಿನ ಮುಂಚೆ: ಹಿಂಡಿ ಪೊಟ್ಟಣ, ಒಣಹುಲ್ಲು ಕೈಗೆ ಸಿಗುವಂತೆ ಇಳಿಸಿಡುವುದು, ಬೇಲಿ, ಬಾಳೆಗೊನೆ. ಹಸಿಹುಲ್ಲನ್ನು ಮಾತ್ರ ಮೊದಲೇ ಕೊಯ್ದು ರಾಶಿ ಹಾಕಬೇಡಿ, ಬಿಸಿಯಾಗಿ ಕೆಡುತ್ತದೆ. ದಿನದ್ದು ದಿನವೇ ಕೊಯ್ಯಲಿ.

ಹಿಂದಿನ ದಿನ: ಲಕೋಟೆ, ಬೀಗದ ಕೈ, ಡೇರಿ ಪಾಸ್‌ಬುಕ್ ಅವರ ಕೈಗೆ. ನೀವು ಬೇಗ ಮಲಗಿ.

ಹಂಪಿಯಲ್ಲಿ ಎರಡನೇ ದಿನ ಅಭ್ಯಾಸಬಲದಿಂದ ನಾಲ್ಕೂವರೆಗೇ ಎಚ್ಚರವಾಯ್ತು. ಕರೆಯಲು ಹಸು ಇಲ್ಲ, ಮಾಡಲು ಕೆಲಸ ಇಲ್ಲ. ಅಮ್ಮ, ಮಗಳು ಮಲಗಿದ್ದರು. ನಾವಿಬ್ಬರೇ ಮೊದಲ ಗಾಡಿ ಹಿಡಿದು ವಿರೂಪಾಕ್ಷ ದೇವಸ್ಥಾನದ ಹಿಂದಿನ ಹೊಳೆದಂಡೆಗೆ ಹೋದೆವು. ನಮ್ಮೂರ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆಯ ಅಣೆಕಟ್ಟು ದಾಟಿ ಅಲ್ಲಿಗೆ ಬರುತ್ತಾಳೆ. ಮದುವೆಯಾದ ಹೊಸತರಲ್ಲಿ ಒಮ್ಮೆ, ನಮ್ಮ ಹೊಳೆ ಮುಂದೆ ಎಲ್ಲಿಗೆ ಹೋಗ್ತದೆ ಅಂತ ನೋಡಬೇಕು ಅಂದಿದ್ದಳು. ನೀರಿಗೆ ಕಾಲು ಇಳಿಬಿಟ್ಟು ಬಹಳ ಹೊತ್ತು ಕೂತಳು. ಎದ್ದು ಬರುವಾಗ "ಬರೋ ವರ್ಷ ಇನ್ನೂ ಮುಂದಕ್ಕೆ ಹೋಗೋಣ, ಕೃಷ್ಣೆ ಸೇರೋ ಜಾಗದ ತನಕ" ಅಂದಳು.

ಬರುವ ಅಕ್ಟೋಬರಿಗೆ ಹುಡುಗನನ್ನು ಈಗಲೇ ಕೇಳಿಟ್ಟಿದ್ದೇನೆ. ಅವನು ಒಂದು ಷರತ್ತು ಹಾಕಿದ್ದಾನೆ. ಡಿಸೆಂಬರಿನಲ್ಲಿ ಅವನು, ಅವನ ಅಮ್ಮ ನಾಲ್ಕು ದಿನ ಊರು ಬಿಡುತ್ತಾರಂತೆ, ಅವರ ಎರಡು ಹಸು ನಾವು ನೋಡಿಕೊಳ್ಳಬೇಕು. ಮೊನ್ನೆಯಿಂದ ನನ್ನ ಹೆಂಡತಿ ಸಂಜೆ ಹೊತ್ತು ಅವರ ಕೊಟ್ಟಿಗೆಗೆ ಹಾಲು ಕರೆಯಲು ಹೋಗುತ್ತಿದ್ದಾಳೆ, ಪರಿಚಯ ಆಗಲಿ ಅಂತ.